ನಲ್ಲಿಯ ಕೆಳಗಿನ ಸಂದು

“ಭಾವ, ಕಿವಿ ಹೇಗಿದೆ?” ಎಂದು ಹೆಂಡತಿ ಚಹಾ ಬಗ್ಗಿಸುತ್ತ ಕೇಳಿದಾಗ ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ಬೇರೆ ಮನೆಗಳಲ್ಲಿ ನಿದ್ದೆ ಬಂತಾ ಎಂದು ಕೇಳುವ ಹಾಗೆ ಈ ಮನೆಯಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಅವನ ಅಣ್ಣನ ಕಿವಿಯನ್ನು ವಿಚಾರಿಸುತ್ತಾರೆ. ಅಣ್ಣ ಲೋಟದಿಂದ ಕಣ್ಣೆತ್ತದೆ “ಸುಮ್ಮನಿದೆ” ಅನ್ನುತ್ತಾನೆ, ಅವಳು ಮಾತ್ರೆಯನ್ನು ತಟ್ಟೆಯ ಅಂಚಿನಲ್ಲಿಡುತ್ತಾಳೆ, ದಿನ ಶುರುವಾಗುತ್ತದೆ. ಎಷ್ಟೋ ವರ್ಷಗಳಿಂದ ಹೀಗೆ ನಡೆದುಕೊಂಡು ಬಂದು, ಈಗ ಅದರಲ್ಲಿ ಕೇಳುವುದೂ ಉಳಿದಿರಲಿಲ್ಲ, ಹೇಳುವುದೂ ಉಳಿದಿರಲಿಲ್ಲ. ಆದರೆ ಇವತ್ತು ಅಣ್ಣ ಲೋಟ ಕೆಳಗಿಟ್ಟ. ದಾರದಿಂದ ಕಟ್ಟಿದ್ದ ಕನ್ನಡಕದ ಕಾಲನ್ನು ಕಿವಿಯ ಹಿಂದೆ ಸರಿಮಾಡಿಕೊಂಡ. “ಗೋಡೆಯೊಳಗೆ ನೀರು ಹರೀತಿದೆ,” ಅಂದ, ಯಾರಿಗೋ ದಾರಿ ಹೇಳುವಷ್ಟು ಸಹಜವಾಗಿ. “ಸ್ವಲ್ಪ ದಿನ ಆಯ್ತು. ಹೇಳೋದೋ ಬೇಡವೋ ಅಂತಿದ್ದೆ.” ಹೆಂಡತಿಯ ಕೈಯಲ್ಲಿದ್ದ ಕೆಟಲು ಬಾಗಿದ ಹಾಗೇ ನಿಂತುಬಿಟ್ಟಿತು. ಅವನ ಎದೆ ಧಸಕ್ಕೆಂದಿತು. ಧಸಕ್ಕೆಂದದ್ದು ಅಣ್ಣನಿಗಾಗಿ ಎಂದು ಅವನು ಆಮೇಲೆ ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ ನಿಜ ಅವನಿಗೆ ಗೊತ್ತಿತ್ತು. ಮೊದಲು ಕಣ್ಣ ಮುಂದೆ ಬಂದದ್ದು ಅಣ್ಣನ ಮುಖವಲ್ಲ, ಬಚ್ಚಲುಮನೆಯ ಟಬ್ಬಿಗೆ ತಾನೇ ಕೂರಿಸಿದ್ದ ಹೊಸ ನಲ್ಲಿ.

ಅಡುಗೆಮನೆಯಲ್ಲಿ ಹೆಂಡತಿ ಸಿಂಕಿನ ನೀರನ್ನು ಜೋರಾಗಿ ಬಿಟ್ಟಳು, ಮಾತು ಆಚೆ ಕೇಳಿಸಬಾರದೆಂದು. “ಮತ್ತೆ ಶುರುವಾಯ್ತು ಅನ್ಸುತ್ತೆ ರೀ. ಆವತ್ತೂ ಮೊದಲು ನೀರು ಅಂತಲೇ ಅಂದಿದ್ರಂತಲ್ಲ?” ಅವನು ಹೂಂ ಅಂದ. ಆವತ್ತು ಅಣ್ಣ ತನ್ನ ರೇಡಿಯೊ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದ. ಗೋಡೆಯೊಳಗೆ ನೀರಿದೆ ಎಂದ, ಆಮೇಲೆ ನೀರಿನೊಳಗೆ ಮಾತಿದೆ ಎಂದ, ಕೊನೆಗೊಂದು ದಿನ ಸುತ್ತಿಗೆ ಹಿಡಿದು ಗೋಡೆಯನ್ನೇ ಒಡೆದ. ಒಡೆದ ಜಾಗದಲ್ಲಿ ಒಣ ಇಟ್ಟಿಗೆ ಇತ್ತು. ಅಣ್ಣ ಆ ಇಟ್ಟಿಗೆಗೆ ಕೆನ್ನೆಯಿಟ್ಟು ನಿಂತಿದ್ದನ್ನೂ, ಕೆನ್ನೆಯ ಮೇಲೆ ಕೆಂಪು ಪುಡಿ ಮೆತ್ತಿದ್ದನ್ನೂ ಅವನು ಬಾಗಿಲಲ್ಲೇ ನಿಂತು ನೋಡಿದ್ದ, ಒಳಗೆ ಹೋಗುವ ಧೈರ್ಯವಾಗಿರಲಿಲ್ಲ. “ಏನ್ರೀ, ನೀವು ಹಾಕಿದ ನಲ್ಲಿ ಏನಾದ್ರೂ ಸೋರ್ತಿರಬಹುದಾ?” ಹೆಂಡತಿ ತಟ್ಟೆ ತೊಳೆಯುತ್ತಲೇ ಕೇಳಿದಳು. ಅದರಲ್ಲಿ ಅನುಮಾನವೂ ಇರಲಿಲ್ಲ, ಆರೋಪವೂ ಇರಲಿಲ್ಲ. ಆ ಕ್ಷಣದಲ್ಲಿ ಹೂಂ, ಇರಬಹುದು, ನೋಡ್ತೀನಿ ಎಂದಿದ್ದರೆ ಮುಗಿದುಹೋಗುತ್ತಿತ್ತು. “ಎಲ್ಲಿ ಸೋರುತ್ತೆ?” ಅಂದ ಅವನು. “ಒಂದು ತೊಟ್ಟು ಇಲ್ಲ. ನೀನೇ ದಿನಾ ನೋಡ್ತೀಯಲ್ಲ.” ಅದು ಸುಳ್ಳಾಗಿರಲಿಲ್ಲ. ನಲ್ಲಿಯ ಬುಡದಲ್ಲಿ ಒಂದು ಹನಿಯೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವಳು “ಅದೂ ನಿಜ” ಎಂದು ನೀರು ನಿಲ್ಲಿಸಿದಳು, ಅವನು ಊಟದ ಡಬ್ಬಿ ತೆಗೆದುಕೊಂಡು ಕೆಲಸಕ್ಕೆ ಹೊರಟ.

ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಾಗ ಆ ಭಾನುವಾರ ಮತ್ತೆ ಕಣ್ಣಿಗೆ ಕಟ್ಟಿತು. ಬಾಡಿಗೆಗೆ ಬಂದಾಗಿನಿಂದ ಟಬ್ಬಿನ ಹಳೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅದರ ತಲೆಯ ಮೇಲೊಂದು ಗುಂಡಿ. ಗುಂಡಿ ಎತ್ತಿದರೆ ನೀರು ಟಬ್ಬಿಗೆ ಬೀಳುವುದು ಬಿಟ್ಟು ಮೇಲಿನ ಶವರಿಗೆ ಏರಬೇಕು, ಆದರೆ ಎತ್ತಿದ ಗುಂಡಿ ಮತ್ತೆ ಮತ್ತೆ ಕುಸಿದು ಸೋಪು ಹಚ್ಚಿಕೊಂಡವರನ್ನು ನಡುಗಿಸುತ್ತಿತ್ತು. ಯಾರನ್ನಾದರೂ ಕರೆಸಿ ಎಂದಳು ಹೆಂಡತಿ. ನಾನೇ ಹಾಕ್ತೀನಿ ಬಿಡು ಎಂದುಬಿಟ್ಟ. ಹಾಗೆ ಅಂದಾಗ ಅವಳು ನಕ್ಕದ್ದೇ ಅವನಿಗೆ ಹಟ ಹುಟ್ಟಿಸಿತು. ಮನೆಯಲ್ಲಿ ಕೈ ಇದ್ದವನು ಎಂದರೆ ಅಣ್ಣ. ಬಿಚ್ಚಿದ್ದನ್ನು ಹಾಗೆಯೇ ಜೋಡಿಸುವ, ಸತ್ತ ರೇಡಿಯೊವನ್ನು ಮಾತಾಡಿಸುವ ಕೈ. ಇವನಿಗೆ ಚಿಕ್ಕಂದಿನಲ್ಲೇ ಅಕ್ಕ ಎಡವಟ್ಟು ಎಂದು ಹೆಸರಿಟ್ಟಿದ್ದಳು, ಇವನ ಕೈಗೆ ಲೋಟ ಕೊಡುವಾಗಲೂ ಅಮ್ಮ ಎರಡು ಕ್ಷಣ ಹೆಚ್ಚಿಗೆ ಹಿಡಿದುಕೊಂಡಿರುತ್ತಿದ್ದಳು. ಅಂಥವನು ಆ ಭಾನುವಾರ ಹಳೆಯ ನಲ್ಲಿಯನ್ನು ತಿರುಗಿಸಿ ತಿರುಗಿಸಿ ಬಿಚ್ಚಿ, ಗೋಡೆಯಿಂದ ಇಣುಕುತ್ತಿದ್ದ ಪೈಪಿನ ಮೂತಿಗೆ ಬಿಳಿ ಟೇಪು ಸುತ್ತಿ, ಹೊಸದನ್ನು ಕೂರಿಸಿದ. ಪೈಪು ಮೋಟಾಗಿತ್ತು. ಹೊಸ ನಲ್ಲಿಯ ತಿರುಪು ಅದರ ತುದಿಗಷ್ಟೇ ಕಚ್ಚಿಕೊಂಡಿತು, ಒಂದೆರಡು ಸುತ್ತಿಗೆ ಮುಗಿಯಿತು. ಅಲ್ಲಾಡಿಸಿದರೆ ಅಲುಗಾಡುತ್ತಿತ್ತು. ಅಲುಗಾಡುವುದನ್ನು ಅವನು ಕಂಡ, ಕಂಡದ್ದನ್ನು ಕಾಣದಂತೆ ಮಾಡಲು ನಲ್ಲಿಗೂ ಗೋಡೆಗೂ ನಡುವೆ ಬಿಳಿ ಅಂಟನ್ನು ಹಿಂಡಿದ. ನಲ್ಲಿ ಮಾರಿದ ಅಂಗಡಿಯವನು ಚೀಲಕ್ಕೆ ಹಾಕಿಕೊಡುವಾಗ ಹೇಳಿದ್ದ: “ಸುತ್ತ ಹಚ್ಚಿ ಸಾರ್, ಕೆಳಗಡೆ ಮಾತ್ರ ಸ್ವಲ್ಪ ಸಂದು ಬಿಡಿ.” ಯಾಕೆ ಎಂದು ಇವನು ಕೇಳಲಿಲ್ಲ, ಕೇಳಿದರೆ ಗೊತ್ತಿಲ್ಲದವನು ಎಂದಾಗುತ್ತದಲ್ಲ. ಬಿಟ್ಟು ನೋಡಿದ. ಹಲ್ಲು ಬಿದ್ದ ಬಾಯಿಯ ಹಾಗೆ ಕಂಡಿತು. ಅದನ್ನೂ ತುಂಬಿ, ಒದ್ದೆ ಬೆರಳಿನಿಂದ ನಯವಾಗಿ ಎಳೆದು ಮುಚ್ಚಿದ.

ಆ ದಿನ ಮನೆಯಲ್ಲಿ ಅವನಿಗೆ ಸಿಕ್ಕ ಮರ್ಯಾದೆ ಮದುವೆಯ ದಿನವೂ ಸಿಕ್ಕಿರಲಿಲ್ಲ. ಹೆಂಡತಿ ಗುಂಡಿ ಎತ್ತಿ ಇಳಿಸಿ, ಎತ್ತಿ ಇಳಿಸಿ ನೋಡಿದಳು. ಅಕ್ಕನಿಗೆ ಫೋನು ಮಾಡಿ ಹೇಳಿದಳು. “ಎಡವಟ್ಟು ನಲ್ಲಿ ಹಾಕಿದ್ನಾ? ಮನೆ ಇನ್ನೂ ನಿಂತಿದೆಯಾ?” ಎಂದು ಅಕ್ಕ ನಕ್ಕದ್ದು ಫೋನಿನಾಚೆಯಿಂದ ಎಲ್ಲರಿಗೂ ಕೇಳಿಸಿತು. ಆ ನಗುವಿನಲ್ಲೂ ಮೆಚ್ಚುಗೆ ಇತ್ತು. ಅಣ್ಣನೂ ಬಂದ. ಟಬ್ಬಿನ ಅಂಚಿಗೆ ಕೂತು ಹೆಬ್ಬೆರಳನ್ನು ಅಂಟಿನ ಮೇಲೆ ಸುತ್ತಲೂ ಆಡಿಸಿದ. ಕೆಳಗೆ ಬಂದಾಗ ಹೆಬ್ಬೆರಳು ನಿಂತಿತು. ಅಣ್ಣ ತಲೆಯೆತ್ತಿ ಇವನನ್ನು ನೋಡಿದ, ತುಟಿ ಸ್ವಲ್ಪ ಬಿಚ್ಚಿತು. ಆಮೇಲೆ ಮುಚ್ಚಿತು. “ಚೆನ್ನಾಗಿದೆ,” ಎಂದು ಎದ್ದುಹೋದ. ಹದಿನೈದು ನಿಮಿಷದ ಕೆಲಸದಲ್ಲಿ ತಪ್ಪು ಹುಡುಕಲಾರದ ಕೈಯಲ್ಲ ಅದು. ತನಗೆ ಕಂಡದ್ದನ್ನು ಇದೆ ಎಂದು ಹೇಳುವುದನ್ನು ಅಣ್ಣ, ಗೋಡೆ ಒಡೆದದ್ದಕ್ಕೆ ಸೇರಿಸಿದ್ದ ಮಾನಸಿಕ ಆಸ್ಪತ್ರೆಯಿಂದ ಬಂದ ಮೇಲೆ ಬಿಟ್ಟುಬಿಟ್ಟಿದ್ದ, ಅಷ್ಟೆ.

ಅವನ ಕೆಲಸ ಕನ್ನಡಕದ ಅಂಗಡಿಯಲ್ಲಿ, ಕಣ್ಣು ಪರೀಕ್ಷೆ ಮಾಡುವುದು. ಕತ್ತಲೆ ಕೋಣೆ, ಒಂದು ಎತ್ತರದ ಕುರ್ಚಿ, ಎದುರಿಗೆ ದೀಪ ಹಾಕಿದ ಅಕ್ಷರದ ಫಲಕ. ಒಂದು ಗಾಜು ತೆಗೆದು ಇನ್ನೊಂದು ಹಾಕಿ “ಇದು ಸ್ಪಷ್ಟವಾ, ಮೊದಲಿನದಾ?” ಎಂದು ಕೇಳುತ್ತಲೇ ಅವನ ಅರ್ಧ ಆಯಸ್ಸು ಕಳೆದಿತ್ತು. ಆವತ್ತು ಬಂದ ಮುದುಕಿ, ಸೊಸೆಯ ಜೊತೆಗೆ ಬಂದವಳು, ಪ್ರತಿ ಸಾಲು ಓದಿದ ಮೇಲೂ ಅವನ ಕಡೆ ತಿರುಗಿ “ಸರಿ ಹೇಳಿದೆನಾ?” ಅನ್ನುತ್ತಿದ್ದಳು. “ಅಮ್ಮ, ಇದರಲ್ಲಿ ಸರಿ ತಪ್ಪು ಇಲ್ಲ. ನಿಮಗೆ ಏನು ಕಾಣುತ್ತೋ ಅದನ್ನ ಹೇಳಿ,” ಎಂದ. “ಅದು ಸರಿನಪ್ಪಾ, ಆದ್ರೂ ನಿಮ್ಮ ಮುಖ ನೋಡಿದ್ರೆ ತಪ್ಪು ಹೇಳ್ತಿದೀನಿ ಅನ್ಸುತ್ತೆ,” ಎಂದಳು ಮುದುಕಿ. ಹೆದರಿದವರು ಹೀಗೆಯೇ. ಕಾಣದಿದ್ದರೂ ಕಾಣುತ್ತದೆ ಅನ್ನುತ್ತಾರೆ, ಕಂಡರೂ ಇಲ್ಲ ಅನ್ನುತ್ತಾರೆ, ಪರೀಕ್ಷೆ ಮಾಡುವವನ ಹುಬ್ಬು ಎತ್ತ ಏರಿತೋ ಅತ್ತ ವಾಲುತ್ತಾರೆ. ಅದಕ್ಕೇ ಅವನು ಮುಖವನ್ನು ಕತ್ತಲೆಗೆ ಹಿಡಿದು ಕೂರುವುದನ್ನು ಕಲಿತಿದ್ದ. ಹಾಗೆ ಕತ್ತಲೆಯಲ್ಲಿ ಮುದುಕಿಯ ಕಣ್ಣೊಳಕ್ಕೆ ಸಣ್ಣ ಟಾರ್ಚು ಬಿಡುವಾಗ ಆಕೆಯ ಕೆಳರೆಪ್ಪೆಯ ಮೂಲೆಯಿಂದ ನೀರು ಒಸರಿತು. ಒರೆಸಿಕೊಳ್ಳಿ ಎಂದು ಬಟ್ಟೆ ಕೊಡುತ್ತಿದ್ದವನ ಕೈ ಅರ್ಧದಲ್ಲೇ ನಿಂತಿತು. ಕೆಳಗೆ ಸಂದು ಬಿಡಿ ಎಂದದ್ದು ಅದಕ್ಕೆ. ಒಳಗೆ ಸೋರಿದರೆ ನೀರು ಆ ಸಂದಿನಿಂದ ಆಚೆ ಬರಬೇಕು, ಮನೆಯವರ ಕಣ್ಣಿಗೆ ಬೀಳಬೇಕು. ಸಂದು ಮುಚ್ಚಿದರೆ ಬರಲು ದಾರಿಯಿಲ್ಲದೆ ಅದು ಪೈಪಿನಗುಂಟ ಹಿಂದಕ್ಕೆ, ಗೋಡೆಯೊಳಕ್ಕೆ ಹೋಗುತ್ತದೆ. ಅದೂ ಶವರಿಗೆ ಬಿಟ್ಟಾಗ, ನಲ್ಲಿಯ ಬಾಯಿ ಕಟ್ಟಿದಾಗ. ದಿನವೂ ಮನೆಯವರೆಲ್ಲ ಸ್ನಾನ ಮಾಡುವಷ್ಟು ಹೊತ್ತು. ಗೋಡೆಯ ಆ ಕಡೆಗೆ ಇರುವುದು ಅಣ್ಣನ ಕೋಣೆ.

ಮುದುಕಿಗೆ ಯಾವ ಗಾಜು ಹಾಕಿದ್ದೆ ಎಂಬುದೇ ಮರೆತುಹೋಗಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಸೊಸೆ ಗೊಣಗಿದಳು. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಇನ್ನೊಂದು ದಿನ ನೆನಪಾಯಿತು. ಅಣ್ಣನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಇದೇ ಅಂಗಡಿಯ ಹೆಸರು ಹೇಳಿದ್ದ. “ಬಾ ಅಣ್ಣಾ, ನಿನ್ನ ಕಣ್ಣು ಪರೀಕ್ಷೆ ಮಾಡ್ತೀನಿ, ಹೊಸ ಕನ್ನಡಕ ಹಾಕಿಸೋಣ,” ಎಂದು. ಹಾಗೆ ಹೇಳು ಎಂದವಳು ಅಕ್ಕ, ಆದರೆ ಹೇಳಿದ ಬಾಯಿ ಇವನದು. ಅಣ್ಣ ತಲೆ ಬಾಚಿಕೊಂಡು, ಒಗೆದ ಅಂಗಿ ಹಾಕಿಕೊಂಡು ಖುಷಿಯಿಂದ ಕಾರು ಹತ್ತಿದ್ದ. ಕಾರು ಅಂಗಡಿಯ ಮುಂದೆ ನಿಲ್ಲಲಿಲ್ಲ. “ಅಂಗಡಿ ಹಿಂದೆ ಹೋಯ್ತು,” ಎಂದ ಅಣ್ಣ. ಒಂದೇ ಸಲ. ಆಮೇಲೆ ಆಸ್ಪತ್ರೆಯ ಗೇಟು ಬರುವವರೆಗೂ ತುಟಿಪಿಟಕ್ಕೆನ್ನಲಿಲ್ಲ. ತಿಂಗಳುಗಟ್ಟಲೆ ಆದ ಮೇಲೆ ಬಂದ ಅಣ್ಣನಲ್ಲಿ ಬೈಗುಳ ಇರಲಿಲ್ಲ, ಮುನಿಸು ಇರಲಿಲ್ಲ. ಆದರೆ ಅಂದಿನಿಂದ ಕಣ್ಣು ಮಾತ್ರ ತೋರಿಸಿಲ್ಲ. ಕನ್ನಡಕದ ಕಾಲು ಮುರಿದರೆ ದಾರ ಕಟ್ಟಿಕೊಳ್ಳುತ್ತಾನೆ. ತಮ್ಮ ಊರಿಗೆಲ್ಲ ಕನ್ನಡಕ ಹಾಕುತ್ತಾನೆ, ಅಣ್ಣ ದಾರ ಕಟ್ಟಿಕೊಂಡು ಓಡಾಡುತ್ತಾನೆ.

ಸಂಜೆಯ ಹೊತ್ತಿಗೆ ಹೆಂಡತಿಯ ಫೋನು ಬಂತು. ಅಕ್ಕ ಡಾಕ್ಟರ ಹತ್ತಿರ ಮಾತಾಡಿದ್ದಾಳೆ, ಒಂದಷ್ಟು ದಿನ ಒಳಗೆ ಇಟ್ಟುಕೊಂಡು ನೋಡುತ್ತಾರಂತೆ, ನಾಳೆ ಬೆಳಿಗ್ಗೆ ಅವಳೇ ಕಾರು ತರುತ್ತಾಳೆ. “ಆವತ್ತಿನ ಹಾಗೆ ಕೈಮೀರೋಕೆ ಮುಂಚೆ ಹೋಗಿಬಿಡೋಣ ಅಂದ್ರು. ಭಾವನ್ನ ನೀವೇ ಏನಾದ್ರೂ ಹೇಳಿ ಒಪ್ಪಿಸ್ಬೇಕಂತೆ.” ಅವಳ ದನಿ ಒಡೆದಿತ್ತು. ಅವಳಿಗೆ ಭಾವ ಎಂದರೆ ಅಕ್ಕರೆ, ಮದುವೆಯಾಗಿ ಬಂದಾಗ ಅವಳ ಹಳೆಯ ರೇಡಿಯೊ ಸರಿಮಾಡಿಕೊಟ್ಟವನು ಅವನೇ. “ರೀ, ಕೇಳಿಸ್ತಿದೆಯಾ?” “ಹೂಂ,” ಅಂದ. ಆ ಕ್ಷಣದಲ್ಲೂ ಹೇಳಬಹುದಿತ್ತು. ಫೋನು ಇಟ್ಟ. ದಾರಿಯಲ್ಲಿ ನಲ್ಲಿ ಕೊಂಡಿದ್ದ ಅಂಗಡಿಗೆ ಹೋಗಿ, ಮೋಟು ಪೈಪಿಗೆ ಸೇರಿಸಿ ಉದ್ದ ಮಾಡುವ ಪೈಪಿನ ತುಂಡು ಕೇಳಿದ. “ಸೋರ್ತಿದೆಯಾ ಸಾರ್?” ಎಂದ ಅಂಗಡಿಯವನು. “ಇಲ್ಲಪ್ಪ, ಸುಮ್ನೆ, ಮನೇಲೊಂದು ಇರಲಿ ಅಂತ.” ಗುರುತು ಪರಿಚಯ ಇಲ್ಲದ ಅಂಗಡಿಯವನ ಮುಂದೂ ಸುಳ್ಳು ಬಂತು. ತುಂಡನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ನಡೆಯುವಾಗ ಅದು ತೊಡೆಗೆ ತಾಗಿ ತಣ್ಣಗೆ ಕೊರೆಯುತ್ತಿತ್ತು.

ಮನೆಗೆ ಬಂದಾಗ ಹೆಂಡತಿ ಟವೆಲು ಹಿಡಿದು ಬಚ್ಚಲಿಗೆ ಹೋಗುತ್ತಿದ್ದಳು. ಅತ್ತಿದ್ದ ಮುಖ. ಇವತ್ತು ಸ್ನಾನ ಬೇಡ ಎಂದು ಹೇಳಲು ಬಾಯಿ ತೆರೆದ, ಯಾಕೆ ಎಂದರೆ ಏನು ಹೇಳುವುದು? ಅವಳು ಚಿಲಕ ಹಾಕಿಕೊಂಡಳು. ಅವನು ಬೂಟು ಬಿಚ್ಚದೆ ಅಣ್ಣನ ಕೋಣೆಗೆ ಹೋದ. ಬಚ್ಚಲಿನ ಗೋಡೆಗೆ ಒತ್ತಿ ದೊಡ್ಡ ಬೀರು, ಅದರ ಪಕ್ಕಕ್ಕೆ ಮಂಚ. ಅಣ್ಣ ಮಂಚದ ಮೇಲೆ ಕೈಗಳನ್ನು ತೊಡೆಗಳ ನಡುವೆ ಇಟ್ಟುಕೊಂಡು ಕೂತಿದ್ದ. “ಈಗ ಬಿಡ್ತಾಳೆ,” ಎಂದ ಮೆಲ್ಲಗೆ. ಅತ್ತ ಶವರು ಶುರುವಾಯಿತು. ಅಣ್ಣ ಬೀರುವಿನ ಪಕ್ಕದ ಗೋಡೆ ತೋರಿಸಿದ. ಅವನು ಮಂಚದ ಮೇಲೆ ಮಂಡಿಯೂರಿ ಗೋಡೆಗೆ ಕಿವಿ ಕೊಟ್ಟ. ಮೊದಲು ತನ್ನ ರಕ್ತದ ಸದ್ದೇ ಕೇಳಿಸಿತು. ಆಮೇಲೆ ಶವರಿನದು, ಹಂಚಿನ ಮೇಲೆ ಬಿದ್ದಂತೆ ದೂರದಲ್ಲಿ. ಅವೆರಡರ ಕೆಳಗೆ, ಬಹಳ ಹತ್ತಿರದಲ್ಲಿ, ಯಾರೋ ಬಾಯಿಗೆ ಸೆರಗು ಅಡ್ಡ ಹಿಡಿದು ಪಿಸುಗುಟ್ಟಿದಂಥ ಇನ್ನೊಂದು ಸದ್ದು. ಸಣ್ಣಗೆ, ನಿಲ್ಲದೆ ಇಳಿಯುವ ಸದ್ದು. ಇತ್ತು. ಅನುಮಾನವೇ ಇರಲಿಲ್ಲ. ಇತ್ತೋ, ಅಥವಾ ಬೆಳಗಿನಿಂದ ಅದನ್ನೇ ಧ್ಯಾನಿಸಿ ತನಗೂ ಕೇಳಿಸುತ್ತಿದೆಯೋ? ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ನಾಳೆ ಗೋಡೆ ಒಡೆದು ಒಣ ಇಟ್ಟಿಗೆ ಸಿಕ್ಕರೆ? ನಾಡಿದ್ದು ಬೆಳಿಗ್ಗೆ ಚಹಾ ಬಗ್ಗಿಸುತ್ತ ಹೆಂಡತಿ ಕೇಳುವುದು ತನ್ನ ಕಿವಿಯನ್ನಾಗಿದ್ದರೆ? ಒದ್ದೆ ಸಿಕ್ಕರೂ ಉಳಿಗಾಲವಿಲ್ಲ. ಗೊತ್ತಿದ್ದೂ ಬಾಯಿ ಬಿಡದೆ ಅಣ್ಣನನ್ನು ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದವನು ಎಂದಾಗುತ್ತದೆ. ಅಣ್ಣ ಅವನ ಮುಖವನ್ನೇ ನೋಡುತ್ತಿದ್ದ.

“ನಿಂಗೆ ಕೇಳಿಸ್ತಾ?”

“ಇಲ್ಲ,” ಅಂದ ಅವನು.

ಅಂದದ್ದು ನಾಲಿಗೆ, ತಾನಲ್ಲ ಎಂದು ಅವನಿಗೆ ಅನ್ನಿಸಿತು. ಅಣ್ಣ ತಲೆಯಾಡಿಸಿದ, ಬಹಳ ಹೊತ್ತು. ಬಚ್ಚಲಲ್ಲಿ ನೀರು ನಿಂತಿತು, ಗೋಡೆಯಲ್ಲೂ ಸ್ವಲ್ಪ ಹೊತ್ತಿಗೆ ನಿಂತಿತು. “ನಿಂಗೂ ಕೇಳಲ್ಲ ಅಂದ್ರೆ ಇಲ್ಲ ಬಿಡು,” ಎಂದ ಅಣ್ಣ. ಆಮೇಲೆ, “ನಾಳೆ ಅಕ್ಕ ಬರ್ತಾಳಾ?” ಎಂದು ಕೇಳಿದ. “ಬರ್ತಾಳೆ.” “ಕಣ್ಣು ಪರೀಕ್ಷೆಗಾ?” ಅದರಲ್ಲಿ ಚುಚ್ಚುಮಾತು ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅಣ್ಣ ನಿಜವಾಗಿಯೂ ಕೇಳುತ್ತಿದ್ದ, ಯಾವ ಅಂಗಿ ತೆಗೆದಿಡಲಿ ಎಂದು ಕೇಳುವವನ ಹಾಗೆ. ಅವನು ಜೇಬಿನಲ್ಲಿದ್ದ ಪೈಪಿನ ತುಂಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೋಣೆಯಿಂದ ಆಚೆ ಬಂದ.

ಅಕ್ಕ ಬೆಳಿಗ್ಗೆ ಬೇಗನೆ ಬಂದಳು. ಅವಳು ಶಾಲೆಯೊಂದರ ಹೆಡ್ಮಿಸ್ಸು, ಅಳುವ ಮಕ್ಕಳನ್ನೂ ಜಗಳಾಡುವ ತಾಯಂದಿರನ್ನೂ ಒಟ್ಟಿಗೆ ಸಂಭಾಳಿಸಿ ಗೊತ್ತಿದ್ದವಳು. ಚಪ್ಪಲಿ ಬಿಟ್ಟವಳೇ ನಗುನಗುತ್ತ, “ಏನೋ, ಕಿವಿ ಹೇಗಿದೆ?” ಎಂದು ಅಣ್ಣನನ್ನು ಕೇಳಿದಳು. ಅಣ್ಣ ಆಗಲೇ ತಲೆ ಬಾಚಿ, ಒಗೆದ ಅಂಗಿ ಹಾಕಿ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹಾಲಿನ ಕುರ್ಚಿಯಲ್ಲಿ ಕೂತಿದ್ದ. ಚೀಲ ತುಂಬು ಎಂದು ಯಾರೂ ಹೇಳಿರಲಿಲ್ಲ. “ಸುಮ್ಮನಿದೆ,” ಎಂದ. “ನಿನ್ನೆ ನೀರು ಅಂದ್ಯಂತೆ?” “ಇಲ್ಲ. ನಂಗೇ ಏನೋ ಹಾಗನ್ನಿಸಿತ್ತು.” ಅಕ್ಕ ಇವನನ್ನು ಬಾಗಿಲ ಮರೆಗೆ ಕರೆದಳು. “ನಿನ್ನೆ ಇದ್ದದ್ದು ಇವತ್ತು ಇಲ್ಲ ಅಂದ್ರೆ ಮುಚ್ಚಿಡ್ತಿದಾನೆ ಅಂತ ಅರ್ಥ ಕಣೋ. ಆವತ್ತೂ ಹೀಗೇ ಮಾಡಿದ್ದ. ಹೊರಡೋಣ, ತಡ ಮಾಡೋದು ಬೇಡ.” ಇದೆ ಎಂದರೆ ಕಾಯಿಲೆ, ಇಲ್ಲ ಎಂದರೆ ಕಾಯಿಲೆಯನ್ನು ಮುಚ್ಚಿಡುವುದು. ಅಣ್ಣನಿಗೆ ಹೇಳಲು ಮೂರನೆಯ ಮಾತೇ ಇರಲಿಲ್ಲ. ಹೆಂಡತಿ ಚಹಾ ಬೇಕಾ ಎಂದು ಎಲ್ಲರನ್ನೂ ಕೇಳಿದಳು, ಯಾರಿಗೂ ಬೇಡವಾಗಿತ್ತು. ಅಣ್ಣ ಎದ್ದು ಬೂಟಿನ ಲೇಸು ಕಟ್ಟಿಕೊಂಡ. ಕಟ್ಟಿಕೊಂಡವನು ಇವನ ಹತ್ತಿರ ಬಂದು, ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಇವನ ಕೈಯಲ್ಲಿಟ್ಟ. “ಇದನ್ನ ನೀನಿಟ್ಕೋ. ಹೋದ ಸಲ ಅಲ್ಲಿ ಕಾಲು ಮುರಿದುಹೋಗಿತ್ತು ಇದರದ್ದು,” ಎಂದ. ಮುರಿದದ್ದು ಹೇಗೆ ಎಂದು ಹೇಳಲಿಲ್ಲ, ಇಷ್ಟು ವರ್ಷ ಯಾರೂ ಕೇಳಿರಲೂ ಇಲ್ಲ. ಕನ್ನಡಕವಿಲ್ಲದ ಅಣ್ಣನ ಕಣ್ಣುಗಳು ಸಣ್ಣದಾಗಿ, ಮಂಕಾಗಿ, ಇವನ ಭುಜದ ಆಚೆ ಎಲ್ಲೋ ನೋಡುತ್ತಿದ್ದವು. ಕನ್ನಡಕದ ದಾರ ಕಿವಿಯ ಶಾಖಕ್ಕೆ ಇನ್ನೂ ಬೆಚ್ಚಗಿತ್ತು.

ಅವನು ಆ ಕನ್ನಡಕ ಹಿಡಿದುಕೊಂಡೇ ಊಟದ ಮೇಜಿನಿಂದ ಬೆಣ್ಣೆಯ ಚಾಕು ತೆಗೆದುಕೊಂಡ. ಬಚ್ಚಲಿಗೆ ಹೋದ. ಹಿಂದಿನಿಂದ “ಈಗೇನೋ ಅಲ್ಲಿ?” ಎಂದ ಅಕ್ಕನ ದನಿ ಕೇಳಿಸಿತು. ಕನ್ನಡಕವನ್ನು ಸೋಪಿನ ಪಕ್ಕದಲ್ಲಿಟ್ಟು ಟಬ್ಬಿನೊಳಗೆ ಮಂಡಿಯೂರಿದ. ಶವರಿಗೆ ಬಿಟ್ಟ. ತಲೆಯ ಮೇಲೆ, ಕೆಲಸಕ್ಕೆಂದು ಹಾಕಿಕೊಂಡಿದ್ದ ಅಂಗಿಯ ಮೇಲೆ ತಣ್ಣೀರು ಸುರಿಯಿತು. ನಲ್ಲಿಯ ಬುಡದಲ್ಲಿ, ತಾನು ಅಷ್ಟು ಚೆಂದವಾಗಿ ಬೆರಳೆಳೆದು ಮುಚ್ಚಿದ್ದ ಕೆಳಗಿನ ಸಂದಿಗೆ ಚಾಕುವಿನ ತುದಿ ಇಟ್ಟ. ದೇವರೇ, ನೀರು ಬರಲಿ, ಎಂದುಕೊಂಡ. ಮನೆ ಹಾಳಾದರೂ ಸರಿ, ಮಾನ ಹೋದರೂ ಸರಿ, ನೀರು ಬರಲಿ. ಅಂಟು ಮೆತ್ತಗೆ ಸೀಳಿತು. ಒಂದು ಕ್ಷಣ ಏನೂ ಇರಲಿಲ್ಲ. ಆ ಒಂದು ಕ್ಷಣದಲ್ಲಿ ಅವನಿಗೆ ತಾನು ಒಣ ಇಟ್ಟಿಗೆಗೆ ಕೆನ್ನೆಯಿಟ್ಟು ನಿಂತಂತೆ ಕಂಡಿತು. ಆಮೇಲೆ ಸೀಳಿನಿಂದ ಮಣ್ಣು ಬಣ್ಣದ ನೀರು ಬಂತು, ಮೊದಲು ಎಳೆಯಾಗಿ, ಚಾಕು ಇನ್ನಷ್ಟು ಆಡಿಸಿದಾಗ ಗಳಗಳನೆ, ಗೋಡೆಯೊಳಗೆ ನಿಂತದ್ದೆಲ್ಲ ಮಗುಚಿಕೊಂಡು ಬಂದು ಬಿಳಿ ಟಬ್ಬಿನ ತಳವನ್ನು ಕೆಂಪು ಮಾಡಿತು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ಅವಳ ಹಿಂದೆ ಅಕ್ಕ. “ನೀರಿದೆ,” ಎಂದ ಅವನು ತಲೆಯಿಂದ ನೀರಿಳಿಸಿಕೊಂಡೇ. “ಅಣ್ಣ ಹೇಳಿದ್ದು ನಿಜ. ನಾನು ಹಾಕಿದ್ದು ತಪ್ಪಾಗಿತ್ತು. ನಂಗೆ ನಿನ್ನೆಯಿಂದ ಗೊತ್ತಿತ್ತು.”

ಮೂವರೂ ಸೇರಿ ಬೀರುವನ್ನು ಸರಿಸಿದರು. ಹಿಂದಿನ ಗೋಡೆ ಆಳುದ್ದಕ್ಕೂ ಕಪ್ಪಾಗಿ ಊದಿಕೊಂಡಿತ್ತು, ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದು ಹಾಳೆಯಂತೆ ಸುರುಳಿಬಿದ್ದಿತ್ತು, ಬುಡದಲ್ಲಿ ಬೂಷ್ಟು ಹಬ್ಬಿತ್ತು. ಅಕ್ಕ ಅಣ್ಣನ ಮಂಚದ ಮೇಲೆ ಕುಸಿದು ಕೂತಳು. “ಮೊದಲೇ ಬಾಯಿಬಿಡೋಕೆ ಏನು ಧಾಡಿಯಾಗಿತ್ತೋ ನಿಂಗೆ,” ಎಂದಳು. ಆದರೆ ದನಿಯಲ್ಲಿ ಹೆಡ್ಮಿಸ್ಸು ಇರಲಿಲ್ಲ. ಹೆಂಡತಿ ಅವನನ್ನು ಒಂದು ಸಲ ನೋಡಿದಳು, ಅಷ್ಟೆ. ಆ ನೋಟದ ಲೆಕ್ಕ ಇವತ್ತು ನಾಳೆಗೆ ಮುಗಿಯುವಂಥದ್ದಲ್ಲ ಎಂದು ಅವನಿಗೆ ತಿಳಿಯಿತು. ಹಾಲಿನಲ್ಲಿ ಅಣ್ಣ ಒಬ್ಬನೇ ಚೀಲ ಹಿಡಿದು ಕೂತಿದ್ದ. ಅಣ್ಣನ ಹತ್ತಿರ ಹೋಗಬೇಕಿತ್ತು, ಆದರೆ ಅವನು ಮತ್ತೆ ಬಚ್ಚಲಿಗೆ ಹೋದ. ನಲ್ಲಿ ಬಿಚ್ಚಿದ, ಜೇಬಿನ ತುಂಡಿಗೆ ಟೇಪು ಸುತ್ತಿ ಮೋಟು ಪೈಪಿಗೆ ಸೇರಿಸಿದ, ಅದರ ಮೇಲೆ ನಲ್ಲಿಯನ್ನು ತಿರುಗಿಸಿದ. ಈ ಸಲ ಅದು ಸುತ್ತು ಸುತ್ತಾಗಿ ಒಳಗೆ ಹೋಗಿ ಗೋಡೆಗೆ ಕಚ್ಚಿ ಕೂತಿತು. ಶವರಿಗೆ ಬಿಟ್ಟು ಕೆಳಗೆ ಬೆರಳಿಟ್ಟು ನೋಡಿದ, ಒಣಗಿತ್ತು. ಮೇಲೆ, ಅಕ್ಕಪಕ್ಕ ಅಂಟು ಹಚ್ಚಿದ, ಕೆಳಗೆ ಬಿಟ್ಟ. ಇಷ್ಟೇ ಕೆಲಸ. ಇಷ್ಟು ಕೆಲಸಕ್ಕೆ ಅಣ್ಣ ಬೂಟು ಹಾಕಿಕೊಂಡು ಕೂತಿದ್ದಾನೆ. ಅವನಿಗೆ ಅಳು ಬಂತು. ಮುಖ ಹೇಗೂ ಒದ್ದೆಯಾಗಿದ್ದರಿಂದ ಒರೆಸಿಕೊಳ್ಳುವ ತಾಪತ್ರಯವಿರಲಿಲ್ಲ.

ಆಮೇಲೆ ಕನ್ನಡಕ ತೆಗೆದುಕೊಂಡು ಹಾಲಿಗೆ ಹೋದ. “ಅಣ್ಣಾ, ಬಾ. ಎಲ್ಲಿಗೂ ಹೋಗೋದಿಲ್ಲ,” ಎಂದು ಕೈ ಹಿಡಿದು ಎಬ್ಬಿಸಿದ. ಅಣ್ಣ ಚೀಲ ಬಿಡಲಿಲ್ಲ, ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ಬಂದ. ತನ್ನ ಕೋಣೆಯ ಬೀರು ನಡುವೆ ಬಂದು ನಿಂತದ್ದನ್ನೂ, ಅಕ್ಕ ಮಂಚದ ಮೇಲೆ ಕೂತದ್ದನ್ನೂ, ಗೋಡೆ ಬಯಲಾದದ್ದನ್ನೂ ನೋಡಿ ಬಾಗಿಲಲ್ಲೇ ನಿಂತ. ಸುತ್ತಿಗೆ ಎಲ್ಲಾದರೂ ಇದೆಯೇ ಎಂದು ಹುಡುಕುವವನಂತೆ ನೆಲವನ್ನೆಲ್ಲ ನೋಡಿದ. “ನಾನು ಮಾಡಿದ್ದಲ್ಲ,” ಎಂದ. “ನೀನಲ್ಲ ಅಣ್ಣಾ, ನಾನು. ನಾನು ಮಾಡಿದ್ದು. ನಿಂಗೆ ಕೇಳಿಸಿದ್ದು ನಿಜವಾದ ನೀರೇ. ನಿನ್ನೆ ನಂಗೂ ಕೇಳಿಸಿತ್ತು, ಇಲ್ಲ ಅಂತ ಸುಳ್ಳು ಹೇಳಿದೆ.” ಅವನು ಕನ್ನಡಕವನ್ನು ಅಣ್ಣನ ಮೂಗಿನ ಮೇಲಿಟ್ಟು, ದಾರದ ಕಾಲನ್ನು ಕಿವಿಯ ಹಿಂದೆ ಸರಿಮಾಡಿದ. ಅಣ್ಣನ ಅಂಗೈಯನ್ನು ಬಿಡಿಸಿ ಗೋಡೆಗೆ, ಅದು ಹೆಚ್ಚು ಊದಿಕೊಂಡಿದ್ದ ಜಾಗಕ್ಕೆ ಒತ್ತಿ ಹಿಡಿದ. ಗಾರೆ ಮೆತ್ತಗೆ ತಗ್ಗಿತು. ಅಣ್ಣನ ಬೆರಳುಗಳ ಸಂದಿನಿಂದ ನೀರು ಒಸರಿ, ಮಣಿಕಟ್ಟಿನ ಮೇಲೆ ಹರಿದು, ಒಗೆದ ಅಂಗಿಯ ತೋಳನ್ನು ನೆನೆಸಿತು.

“ಹೇಳು ಅಣ್ಣಾ, ಹೇಗಿದೆ?” ಎಂದ ಅವನು.

ಅಣ್ಣ ಗೋಡೆಯನ್ನು ನೋಡಲಿಲ್ಲ. ಇವನ ಮುಖ ನೋಡಿದ, ಅಕ್ಕನ ಮುಖ ನೋಡಿದ, ಅವಳ ಕೈಯಲ್ಲಿದ್ದ ಕಾರಿನ ಕೀಲಿ ನೋಡಿದ, ಮತ್ತೆ ಇವನ ಮುಖಕ್ಕೆ ಬಂದ. ಕೋಣೆ ಬೆಳಕಾಗಿತ್ತು, ತಮ್ಮನಿಗೆ ಮುಖ ಹಿಡಿಯಲು ಎಲ್ಲೂ ಕತ್ತಲೆ ಇರಲಿಲ್ಲ.

“ಒಣಗಿದೆ,” ಎಂದ ಅಣ್ಣ. ತೋಳಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. “ಸರಿ ಹೇಳಿದೆನಾ?”